ಕೊಲಂಬಿಯಾಕ್ಕೆ ಹೊರಟ ಅರ್ಥಧಾರಿ

ಮೊದಲಿಗೆ ಒಂದು ವಿಷಯ ಸ್ಪಷ್ಟವಾಗಿರಲಿ: ನಮ್ಮ ಮೇಡಂ ಸತ್ತಿಲ್ಲ. ಇದನ್ನು ಹೇಳಲೇಬೇಕಾಗಿದೆ, ಯಾಕೆಂದರೆ ಕೋಟೇಶ್ವರದ ಪೇಟೆಯಲ್ಲಿ ಅವರ ಸುದ್ದಿ ಬಂದರೆ ಜನ ದನಿ ತಗ್ಗಿಸುತ್ತಾರೆ. "ಒಳ್ಳೆ ಹೆಂಗ್ಸ್ ಆಯಿದ್ರ್, ಪಾಪ" ಎಂದು ಹಾಲಿನ ಅಂಗಡಿಯವರು ಮೊನ್ನೆ ನನ್ನೆದುರಿಗೇ ನಿಟ್ಟುಸಿರು ಬಿಟ್ಟರು. ಎಂಥ ಪಾಪ? ಅವರು ಕೊಲಂಬಿಯಾ ದೇಶದಲ್ಲಿ, ಕಡಲ ದಡದ ಒಂದು ಸಣ್ಣ ಊರಿನಲ್ಲಿ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆರಾಮಾಗಿದ್ದಾರೆ ಎಂದೆ. "ಕೊಲಂಬೊ ಅಂದ್ರೆ ಹತ್ರವೇ ಅಲ್ದಾ, ಹಬ್ಬಕ್ಕಾದ್ರೂ ಬಪ್ಪುಕಾಗ್ದಾ?" ಎಂದರು ಅವರು. ಭೂಗೋಳದ ಮೇಲೆ ವಾದ ಮಾಡುವ ಉತ್ಸಾಹ ನನಗೆ ಆ ಬೆಳಿಗ್ಗೆ ಇರಲಿಲ್ಲ. ಹಾಲು ತೆಗೆದುಕೊಂಡು ಬಂದೆ.

ಮೇಡಂ ಆಗಾಗ ಧ್ವನಿಸಂದೇಶ ಕಳಿಸುತ್ತಾರೆ. ಹಿಂದೆ ಕೋಳಿ ಕೂಗುತ್ತಿರುತ್ತದೆ, ಯಾರದ್ದೋ ಮನೆಯ ಹಾಡು ಬೀದಿಗೆಲ್ಲ ಕೇಳುತ್ತಿರುತ್ತದೆ. ಕಳೆದ ವಾರದ್ದರಲ್ಲಿ ಹೇಳಿದ್ದರು: "ಸ್ಪ್ಯಾನಿಷ್‌ನಗೆ ನಾನೀಗ ಮೂರ್ ವರ್ಷದ ಮಗಿನಷ್ಟ್ ಮಾತಾಡ್ತೆ. ಭೂತಕಾಲ ಇನ್ನೂ ಬಾಯಿಗ್ ಬರ್ಲಿಲ್ಲ. ಹಾಂಗಾಯಿ ಹಳೇದ್ ಯಾರೂ ಕೇಂಬುದಿಲ್ಲ, ನಂಗೂ ಹೇಳುಕಾತಿಲ್ಲೆ. ಒಳ್ಳೇದೇ ಆಯ್ತ್."

ಮಾತನ್ನೇ ಉಸಿರಾಡಿದ ಒಬ್ಬ ಹೆಂಗಸು ಮೂರು ವರ್ಷದ ಮಗುವಿನಷ್ಟು ಮಾತಾಡಿಕೊಂಡು ಸುಖವಾಗಿದ್ದಾರೆ ಎಂದರೆ ಅವರನ್ನು ಬಲ್ಲವರು ಯಾರೂ ನಂಬಲಿಕ್ಕಿಲ್ಲ. ನನಗೂ ಕಷ್ಟವೇ.

ಅವರು ಕುಂದಾಪುರದ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಚರ್ಚಾಸ್ಪರ್ಧೆಯ ತಂಡವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ನಾನು ಅಮಾಸೆಬೈಲಿನಿಂದ ಬಸ್ಸು ಹತ್ತಿ ಬರುತ್ತಿದ್ದ ಹುಡುಗಿ. ಮನೆಯಲ್ಲಿ ಎಲ್ಲರ ಮಾತಿಗೂ ಅಡ್ಡ ಹೇಳಿ ಬೈಸಿಕೊಳ್ಳುತ್ತಿದ್ದವಳು. ಮೊದಲ ದಿನವೇ ನಾನು ಎದುರಾಳಿಯ ಮಾತನ್ನು "ಇದು ಶುದ್ಧ ಮೂರ್ಖತನ" ಎಂದು ತಳ್ಳಿಹಾಕಿದೆ. ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು. ಆ ಒರೆಸುವಿಕೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ. ಬಲ್ಲ ಸೀನಿಯರ್‌ಗಳು ಬೆಂಚಿನಲ್ಲಿ ನೆಟ್ಟಗೆ ಕೂತರು.

"ಅವನ ಮಾತನ್ನು ಅವನಿಗಿಂತ ಚೆನ್ನಾಗಿ ಒಮ್ಮೆ ಹೇಳು" ಎಂದರು. ನನ್ನಿಂದ ಆಗಲಿಲ್ಲ. "ಹಾಗಾದರೆ ನೀನು ಮುರಿದದ್ದು ಅವನ ವಾದವನ್ನಲ್ಲ. ನಿನ್ನ ತಲೆಯಲ್ಲಿದ್ದ ಒಂದು ಬೊಂಬೆಯನ್ನು. ಕೂತ್ಕೋ."

ಮೂರು ವರ್ಷ ಅವರ ಕೈಯಲ್ಲಿ ಪಳಗಿದೆ. ಎದುರಿನವರ ಮಾತಿಗೆ ಮೊದಲು ಒಳ್ಳೆ ಬಟ್ಟೆ ತೊಡಿಸಿ ಆಮೇಲೆ ಕುಸ್ತಿಗೆ ಇಳಿಯುವುದು ಅವರ ಪದ್ಧತಿ. ಈಗ ಕುಂದಾಪುರದ ಕೋರ್ಟಿನಲ್ಲಿ ಜೂನಿಯರ್ ಆಗಿ ಓಡಾಡುವಾಗ ಈ ಪದ್ಧತಿಯಿಂದ ನನಗೆ ಆಗಿರುವ ಲಾಭ, ನಷ್ಟ ಎರಡೂ ಇವೆ. ಒಮ್ಮೆ ಎದುರು ಪಕ್ಷದ ವಾದವನ್ನು ನಾನೇ ಎಷ್ಟು ಚೆನ್ನಾಗಿ ಮಂಡಿಸಿದೆನೆಂದರೆ, ನಮ್ಮ ಸೀನಿಯರ್ ಕೋಟು ಜಗ್ಗಿ ಕೂರಿಸಿದರು.

ಮೇಡಂ ಅವರ ನಿಜವಾದ ಪ್ರಾಣ ಇದ್ದದ್ದು ತಾಳಮದ್ದಳೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನಿಲ್ಲುತ್ತದೆ, ಕುರ್ಚಿಯಲ್ಲಿ ಕೂತ ಅರ್ಥಧಾರಿಗಳು ಪುರಾಣದ ಪಾತ್ರಗಳಾಗಿ ಸ್ಥಳದಲ್ಲೇ ಮಾತು, ಅಂದರೆ ಅರ್ಥ, ಕಟ್ಟಿ ವಾದಕ್ಕಿಳಿಯುತ್ತಾರೆ. ಮೇಡಂ ಒಂದು ಹೆಂಗಸರ ತಂಡ ಕಟ್ಟಿದ್ದರು. ಹಾಡಲು ಬ್ರಹ್ಮಾವರದ ಭಾಗವತರು, ಅವರೂ ಹೆಂಗಸೇ, ಹಗಲು ಹೊಲಿಗೆ ಅಂಗಡಿ ನಡೆಸುವವರು. ಮೇಡಂ ನನ್ನನ್ನೂ ತಂಡಕ್ಕೆ ಎಳೆದುಕೊಂಡರು. "ಚರ್ಚಾಸ್ಪರ್ಧೆಯಗೆ ತೀರ್ಪುಗಾರ್ರ್ ಇರ್ತ್ರ್. ಇಲ್ಲಿ ಕಥೆಯೇ ತೀರ್ಪುಗಾರ. ಸೋಲುವ ಪಾತ್ರ ಎಷ್ಟ್ ಚೆಂದ ಮಾತಾಡ್ರೂ ಸೋಲುದೇ. ಅದ್ರಲ್ಲಿ ಮಜಾ ಇತ್ತ್ ಕಾಣ್" ಎನ್ನುತ್ತಿದ್ದರು. ಸೋಲುವ ಪಾತ್ರಗಳನ್ನೇ ಅವರು ಕೇಳಿ ತೆಗೆದುಕೊಳ್ಳುತ್ತಿದ್ದರು.

ಮನೆಯಲ್ಲಿ, ಬಸ್ಸಿನಲ್ಲಿ ಅಪ್ಪಟ ಕುಂದಾಪ್ರ ಕನ್ನಡ. ಕುರ್ಚಿಯಲ್ಲಿ ಕೂತು ಪದ್ಯ ಮುಗಿಯಿತೋ, ಒಂದು ಅಕ್ಷರವೂ ಮನೆಮಾತಿನದ್ದಲ್ಲ. ಉದ್ದುದ್ದ ವಾಕ್ಯಗಳು, ಒಂದೂ ಅರ್ಧದಲ್ಲಿ ನಿಲ್ಲುತ್ತಿರಲಿಲ್ಲ. ಪಾತ್ರದ ಬಾಯಲ್ಲಿ ಊರಿನ ಮಾತು ಬಂದರೆ ಪಾತ್ರ ಕುರ್ಚಿಯಿಂದ ಎದ್ದು ಹೋಗುತ್ತದೆ ಎಂಬುದು ಅವರ ನಂಬಿಕೆ. ನಮ್ಮಲ್ಲಿ ಯಾರಾದರೂ ತಪ್ಪಿ "ಎಂತ" ಅಂದುಬಿಟ್ಟರೆ ವಾಪಸು ಬರುವ ಬಸ್ಸಿನಲ್ಲಿ ಮಾತಾಡಿಸುತ್ತಿರಲಿಲ್ಲ.

ಆ ಬಸ್ಸುಗಳು ಈಗ ನೆನಪಾಗುತ್ತವೆ. ಬೈಂದೂರಿನ ಕಡೆ ಕಾರ್ಯಕ್ರಮ ಮುಗಿಸಿ, ಕೊಟ್ಟ ಹೂವು ಹಣ್ಣುಗಳ ಚೀಲ ಮಡಿಲಲ್ಲಿಟ್ಟುಕೊಂಡು ಬರುವಾಗ ತ್ರಾಸಿಯ ಹತ್ತಿರ ರಸ್ತೆಯ ಪಕ್ಕದಲ್ಲೇ ಸಮುದ್ರ ಸಿಗುತ್ತದೆ. ಅಲ್ಲಿಗೆ ಬಂದಾಗ ಮೇಡಂ ಮಾತು ನಿಲ್ಲಿಸಿ ಕಿಟಕಿಯ ಕಡೆ ತಿರುಗುತ್ತಿದ್ದರು. ಅವರ ಅಪ್ಪ ಅಲ್ಲಿಯವರು, ದಡದಿಂದ ಕೈರಂಪಣಿ ಬಲೆ ಎಳೆದು ಬದುಕಿದ ಮನೆ. ತಮ್ಮ ಈಗಲೂ ಅಲ್ಲೇ ಇದ್ದಾನೆ, ಮೀನಿನ ಲಾರಿ ಇಟ್ಟುಕೊಂಡಿದ್ದಾನೆ.

ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲು ಕೇಳುವುದು ಹೆಸರಲ್ಲ. "ಎಲ್ಲಿ ಆಯ್ತ್? ಯಾರ್ ಮನಿ?" ಎಂದು. ಮನೆ ಹೇಳಿದ ಮೇಲೆ ಕೇಳಿದವರು "ಓ" ಅನ್ನುತ್ತಾರೆ. ನಾನು ನಮ್ಮ ಮನೆಯ ಹೆಸರು ಹೇಳಿದಾಗ ಬರುವ "ಓ" ಗಿಡ್ಡ. ಅದರ ಹಿಂದೆಯೇ "ಬನ್ನಿ, ಬನ್ನಿ, ಕೂಕಣಿ" ಬರುತ್ತದೆ. ಮೇಡಂ ಊರು, ಅಪ್ಪನ ಹೆಸರು, ಬಲೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದರು. ಆಗ ಬರುವ "ಓ" ಉದ್ದ. ಅದರ ಕೊನೆಯಲ್ಲಿ ಕಣ್ಣು ಬೇರೆ ಕಡೆ ಹೋಗುತ್ತದೆ.

"ಆ 'ಓ' ಎಷ್ಟುದ್ದ ಅಂತ ಕೇಂಡ್ರೆ ಸಾಕ್ ಹೆಣೆ" ಎಂದು ಒಮ್ಮೆ ಬಸ್ಸಿನಲ್ಲಿ, ನನ್ನನ್ನು ಸಲಿಗೆಯಿಂದ 'ಹುಡುಗೀ' ಎಂದು ಕರೆದು, ನಗುತ್ತಾ ಹೇಳಿದರು. "ಊಟಕ್ಕೆ ಎಲ್ಲಿ ಕೂರ್ಸ್ತ್ರ್, ಯಾರ್ ಬಡ್ಸ್ತ್ರ್, ಎಲ್ಲಾ ಅದ್ರಗೇ ಇತ್ತ್. ನಂಗ್ ಈಗ ಕೇಂಬುಕೆ ಮೊದ್ಲೇ ಗೊತ್ತಾತ್ತ್."

ಅವರ ಅರ್ಥ ಕೇಳಿ ಆದ ಮೇಲೆ ಅದೇ ಜನ ಎದ್ದು ನಿಂತು ಕೈ ಮುಗಿಯುತ್ತಿದ್ದರು. ನಾನು ಇದನ್ನು ಎತ್ತಿ ತೋರಿಸಿದೆ: ನೋಡಿ, ಮಾತಿನಿಂದ ಗೆದ್ದಿರಲ್ಲ. ಅವರು ಹೇಳಿದ್ದು ಇಷ್ಟೆ: "ಪ್ರತೀ ಊರಗೂ ಮೊದ್ಲಿಂದ ಗೆಲ್ಕ್ ಅಲ್ದಾ. ದಣಿವಾತ್ತ್."

ಸ್ಪ್ಯಾನಿಷ್ ಹೇಗೆ ಹತ್ತಿಕೊಂಡಿತು ಎಂದು ಕೇಳಿದರೆ ಅವರಿಗೂ ಸರಿಯಾಗಿ ಗೊತ್ತಿಲ್ಲ. ಮೊಬೈಲಿನಲ್ಲಿ ಸುಮ್ಮನೆ ಶುರು ಮಾಡಿದ್ದು. ಆಮೇಲೆ ಇಂಗ್ಲಿಷ್ ಕಲಿಯಬೇಕೆಂದಿದ್ದ ಅಲ್ಲಿಯ ಒಬ್ಬ ನಿವೃತ್ತ ಶಾಲಾ ಟೀಚರ್ ಪರಿಚಯವಾದರು. ವಾರಕ್ಕೊಮ್ಮೆ ಇವರು ಅವರಿಗೆ ಇಂಗ್ಲಿಷ್, ಅವರು ಇವರಿಗೆ ಸ್ಪ್ಯಾನಿಷ್. ಕೋಟೇಶ್ವರದಿಂದ ಕುಂದಾಪುರಕ್ಕೆ ಬರುವ ಬಸ್ಸಿನಲ್ಲಿ ಮೇಡಂ ಕ್ರಿಯಾಪದಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದರೆ ಕಂಡಕ್ಟರ್ ಪಕ್ಕದವರಿಗೆ "ಮಾತಾಡ್ಸ್ಬೇಡಿ, ಮೇಡಂ ಅರ್ಥ ಕಟ್ತಿದ್ರ್" ಎನ್ನುತ್ತಿದ್ದ. ನಿವೃತ್ತಿಗೆ ಒಂದು ವರ್ಷ ಇರುವಾಗ ಬೇಸಿಗೆ ರಜೆಯಲ್ಲಿ ಆ ಟೀಚರ್ ಮನೆಗೆ ಹೋಗಿ ಒಂದು ತಿಂಗಳು ಇದ್ದು ಬಂದರು. ಬಂದವರು ಮೊದಲಿನಂತಿರಲಿಲ್ಲ. ಏನೋ ನೆನೆಸಿಕೊಂಡು ನಗುತ್ತಿದ್ದರು.

ಕಾಲೇಜಿನ ಬೀಳ್ಕೊಡುಗೆಯಲ್ಲಿ ಎಲ್ಲರೂ ಒಂದೇ ಮಾತು: ಇನ್ನು ಮೇಡಂ ಪೂರ್ತಿ ತಾಳಮದ್ದಳೆಗೆ ಸಿಗುತ್ತಾರೆ. ಅದಾದ ಮರುವಾರ ಅವರ ಮನೆಯ ಜಗಲಿಯಲ್ಲಿ ನಮ್ಮ ಅಭ್ಯಾಸ ಮುಗಿದು ಕಷಾಯ ಕುಡಿಯುತ್ತಿದ್ದಾಗ ಅವರು ಹೇಳಿದರು, "ನಾನ್ ಕೊಲಂಬಿಯಾಕ್ಕೆ ಹೋತೆ. ಅಲ್ಲೇ ಇಪ್ಪುಕೆ. ವೀಸಾ ಬಂತ್, ಟಿಕೇಟೂ ಆಯ್ತ್."

ಭಾಗವತರು ಲೋಟ ಕೆಳಗಿಟ್ಟರು. "ಎಂತಕ್ಕೆ?"

"ಸೆಖೆ ಇತ್ತ್ ಅಲ್ಲಿ" ಎಂದರು ಮೇಡಂ.

"ಇಲ್ಲಿ ಎಂತ, ಹಿಮ ಬೀಳ್ತಿತ್ತಾ?" ಎಂದರು ಭಾಗವತರು, ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಾ.

ಮರುದಿನ ಸಂಜೆ ನಾನು ಒಬ್ಬಳೇ ಹೋದೆ. ಅಷ್ಟರಲ್ಲಿ ಮೇಡಂ ಅವರ ತಮ್ಮ ಕೋರ್ಟಿನ ಗೇಟಿನಲ್ಲೇ ನನ್ನನ್ನು ಹಿಡಿದಿದ್ದ. "ಹ್ವಾಯ್ ಲಾಯರಮ್ಮ, ಅಕ್ಕ ನಿಮ್ ಮಾತ್ ಕೇಂತ್ರ್. ಒಂಚೂರ್ ಹೇಳಿ. ಜನ ನನ್ನ ಕೇಂತ್ರ್, ಅಕ್ಕನ್ನ ನೀ ಸರಿ ಕಾಣ್ಲಿಲ್ಯಾ ಅಂತ. ನಾ ಎಂತ ಹೇಳುದ್?" ಅವನಿಗೆ ಮರ್ಯಾದೆಯ ಚಿಂತೆ. ನನ್ನದು ಅದಕ್ಕಿಂತಲೂ ಸ್ವಾರ್ಥದ ಚಿಂತೆ. ಈ ಊರಿನಲ್ಲಿ ನನ್ನ ಮಾತನ್ನು ನನಗಿಂತ ಚೆನ್ನಾಗಿ ಒಮ್ಮೆ ಹೇಳಿ ಆಮೇಲೆ ಮುರಿಯುವವರು ಅವರೊಬ್ಬರೇ. ಉಳಿದವರು ಒಂದೋ ಹೆದರುತ್ತಾರೆ, ಅಥವಾ "ಇವ್ಳ್ ಬಾಯಿಗ್ ಸಿಕ್ಕುದ್ ಬ್ಯಾಡ" ಎಂದು ಎದ್ದು ಹೋಗುತ್ತಾರೆ.

ಪೂರ್ತಿ ತಯಾರಾಗಿ ಹೋಗಿದ್ದೆ. ಸಮುದ್ರ ಬೇಕೆಂದರೆ ತ್ರಾಸಿಯಲ್ಲಿದೆ. ಮೀನಿದೆ, ತೆಂಗಿನಕಾಯಿ ಇದೆ, ಬೆವರಂತೂ ಧಾರಾಳ. ಕಾಯಿಲೆ ಬಿದ್ದರೆ ಆಸ್ಪತ್ರೆಯಲ್ಲಿ ಪಕ್ಕ ಕೂರುವವರು ಯಾರು? ಅರವತ್ತು ದಾಟಿದ ಮೇಲೆ ಭಾಷೆ ಕಳೆದುಕೊಳ್ಳುವುದೆಂದರೆ ಒಂದು ಕೈ ಕಳೆದುಕೊಂಡ ಹಾಗೆ, ಅದರಲ್ಲೂ ಅರ್ಥಧಾರಿಗೆ. ಒಂದು ತಿಂಗಳ ಅತಿಥಿಗೆ ಎಲ್ಲ ದೇಶವೂ ಆತ್ಮೀಯವೇ. ಬಾಡಿಗೆದಾರರಿಗೆ ಅದು ಬೇರೆ ಮುಖ ತೋರಿಸುತ್ತದೆ.

ಮೇಡಂ ಒಂದೊಂದನ್ನೂ ಒಪ್ಪಿದರು. ಆಸ್ಪತ್ರೆಯದ್ದು ಗಟ್ಟಿ ಮಾತು ಎಂದು ಹೊಗಳಿದರು. ತೆಂಗಿನಕಾಯಿಯದ್ದು ದುರ್ಬಲ, ಬಿಟ್ಟುಬಿಡು ಎಂದರು. "ನಾವ್ ಕಾಯಿ ಸಾರಿಗ್ ಹಾಕ್ತ್, ಅವ್ರ್ ಅನ್ನಕ್ಕೇ ಹಾಕ್ತ್ರ್. ತಿಂದ್ ಕಂಡಿದ್ರೆ ನೀ ಆ ಪಾಯಿಂಟ್ ಎತ್ತುತ್ತಿರ್ಲಿಲ್ಲ." ಆಮೇಲೆ ತಮ್ಮ ಕಡೆಯ ವಾದವನ್ನು ಒಂದೇ ಒಂದು ಸಂಗತಿಯಲ್ಲಿ ಹೇಳಿದರು.

"ಮೊದಲ್ನೇ ದಿನ ಸಂಜಿಗ್ ಬೀದಿಯಗೆ ಹೋತಿದ್ದೆ. ಒಂದ್ ಮನಿ ಎದ್ರಿಗ್ ನಾಲ್ಕ್ ಜನ ಮೇಜ್ ಇಟ್ಕಂಡ್ ಎಂತದೋ ಆಡ್ತಿದ್ರ್. ನನ್ನ ಕಂಡದ್ದೇ ಒಬ್ಬ ಎದ್ದ್ ಒಳ್ಗ್ ಹೋಯಿ ಪ್ಲಾಸ್ಟಿಕ್ ಕುರ್ಚಿ ತಂದ. ಕೂರ್ಸಿದ. ಕೂತ್ ಆದ್ಮೇಲೆ ಹೆಸ್ರ್ ಕೇಂಡ. ಹೆಸ್ರ್ ಹೇಳ್ದೆ. ಅಷ್ಟಕ್ಕೇ ಮುಗೀತ್. ನಾ ಮುಂದಿನ ಪ್ರಶ್ನಿಗ್ ಕಾಯ್ತಾ ಕೂತಿದ್ದೆ ಹೆಣೆ. ಬರ್ಲೇ ಇಲ್ಲ."

ನಾನು ಮತ್ತೆ ಆಸ್ಪತ್ರೆಯ ಮಾತಿಗೇ ಹೋದೆ. ಮೇಡಂ ಅದನ್ನು ಗಮನಿಸಿ, ದಯೆ ತೋರಿಸಿದರೆ ನನಗೆ ಸಿಟ್ಟು ಬರುತ್ತದೆಂದು ಗೊತ್ತಿದ್ದರಿಂದ, ಒಂದು ಪಂಥ ಇಟ್ಟರು. ತಂಡದವರು ಬೀಳ್ಕೊಡುಗೆಗೆಂದು ಒಂದು ಭಾನುವಾರ ಮಧ್ಯಾಹ್ನ ಕೋಟೇಶ್ವರದ ಸಭಾಭವನದಲ್ಲಿ ತಾಳಮದ್ದಳೆ ಇಟ್ಟಿದ್ದರು. ಕಥೆ ಸರಳ: ಅರಸನೊಬ್ಬ ರಾಜ್ಯ ಬಿಟ್ಟು ಕಾಡಿಗೆ ಹೊರಡುತ್ತಾನೆ, ಮಂತ್ರಿ ತಡೆಯುತ್ತಾನೆ, ಅರಸ ಹೋಗಿಯೇ ಹೋಗುತ್ತಾನೆ. ಅರಸ ಅವರು, ಮಂತ್ರಿ ನಾನು.

"ಕಥೆಯಗೆ ನೀ ಸೋಲುದೇ. ಅದ್ ಬಿಡ್" ಎಂದರು. "ನೀ ಹೇಳ್ದ ಮಾತಿಗೆ ನನ್ನತ್ರ ಉತ್ತರ ಇಲ್ದೇ ಹೋದ್ರೆ ನಾನ್ ಹೋತಿಲ್ಲೆ. ಟಿಕೇಟ್ ರದ್ದ್. ನಿನ್ ಮೇಲಾಣೆ ಅಲ್ಲ, ನನ್ ಮಾತಿನ್ ಮೇಲಾಣೆ."

ಅವರ ಮಾತಿನ ಮೇಲಿನ ಆಣೆಗಿಂತ ದೊಡ್ಡದು ಅವರಲ್ಲಿ ಇರಲಿಲ್ಲ. ನಾನು ಒಂದು ವಾರ ಫೈಲುಗಳನ್ನು ಬದಿಗಿಟ್ಟು ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆಯೇ ಯೋಚನೆ ಮಾಡಿದೆ.

ಭಾನುವಾರ ಸಭಾಭವನ ತುಂಬಿತ್ತು. ಅರಸ ಮೊದಲು ಮಾತಾಡಿದ. ಆ ದಿನದಷ್ಟು ಚೆಂದದ ಅರ್ಥವನ್ನು ನಾನು ಅವರಿಂದ ಕೇಳಿದ್ದಿಲ್ಲ. "ಮಂತ್ರಿ, ಈ ಅರಮನೆಯಲ್ಲಿ ನನ್ನನ್ನು ಕಂಡವರೆಲ್ಲರೂ ಮೊದಲು ನನ್ನ ಕಿರೀಟವನ್ನು ಕಂಡರು, ಅನಂತರ ನನ್ನ ವಂಶವನ್ನು ಕಂಡರು. ನನ್ನವರೆಗೆ ತಲುಪುವಷ್ಟರಲ್ಲಿ ಅವರ ಕಣ್ಣು ದಣಿದಿತ್ತು. ಕಾಡಿನ ಮರವಾದರೋ, ನೆರಳು ನೀಡುವುದಕ್ಕೆ ಮುನ್ನ ಕುಲವನ್ನು ವಿಚಾರಿಸದು."

ಸಭೆಗೆ ಆಗಲೇ ಗೊತ್ತಾಗಿತ್ತು ಇದು ಯಾವ ಕಾಡು ಎಂದು. ಮುಂದಿನ ಸಾಲಿನಲ್ಲಿ ಅವರ ತಮ್ಮ ತಲೆ ತಗ್ಗಿಸಿ ಕೂತಿದ್ದ. ಸ್ವಂತ ವಿಷಯವನ್ನು ಪಾತ್ರದೊಳಗೆ ತರಬಾರದು ಎನ್ನುವವರಿದ್ದಾರೆ. ತಂದದ್ದು ಸರಿಯೆಂದು ನಾನು ಈಗಲೂ ವಾದಿಸಬಲ್ಲೆ. ಪದ್ಯ ಮುಗಿದು ನನ್ನ ಸರದಿ ಬಂತು. ಮೊದಲು ಅರಸನ ಮಾತನ್ನೇ, ಅವನು ಹೇಳಿದ್ದಕ್ಕಿಂತ ಮಿಗಿಲಾಗಿ ಹೇಳಲು ಪ್ರಯತ್ನಿಸಿದೆ. ಆಮೇಲೆ ಹೇಳಿದೆ:

"ಪ್ರಭೂ, ಕಾಡು ವಿಚಾರಿಸುವುದಿಲ್ಲವೆಂದು ತಮಗೆ ಹೇಳಿದವರಾರು? ಸಂಜೆ ಮರಳಿದ ಹಕ್ಕಿಗಳು ಅಷ್ಟು ಹೊತ್ತು ಏನನ್ನು ಮಾತಾಡಿಕೊಳ್ಳುತ್ತವೆ? ಯಾವ ಕೊಂಬೆಯದು, ಯಾವ ಗೂಡಿನದು, ಯಾರ ಮರಿ ಎಂದೇ ಇರಬಹುದು. ತಮಗೆ ಅವುಗಳ ನುಡಿ ತಿಳಿಯದು, ಅಷ್ಟೇ. ತಿಳಿಯದಿರುವುದನ್ನು ಇಲ್ಲವೆಂದೇ ನಂಬಿ ಹೊರಟ ಅರಸನನ್ನು ತಡೆಯದಿದ್ದರೆ ನಾನೆಂಥ ಮಂತ್ರಿ?"

ಮೇಡಂ ಬಾಯಿ ತೆರೆದರು. ಮಾತು ಬರಲಿಲ್ಲ. ಮದ್ದಳೆಯವರು ಭಾಗವತರ ಮುಖ ನೋಡಿದರು, ಭಾಗವತರು ತಾಳ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು ಮೇಡಂ ಮುಖ ನೋಡಿದರು. ಆ ಕುರ್ಚಿಯಲ್ಲಿ ಅವರು ಸುಮ್ಮನೆ ಕೂತದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ಆಮೇಲೆ ಅವರು ನನ್ನ ಕಡೆ ತಿರುಗಿ, ಜಗಲಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು. "ಹೌದ್ ಹೆಣೆ. ಅವೂ ಕೇಂತ್ವೋ ಏನೋ. ನಂಗ್ ತಿಳಿತಿಲ್ಲೆ ಅಲ್ದಾ? ಅಷ್ಟೇ ಸಾಕ್. ನಂಗ್ ಹೋಯ್ಕ್ ಅಂತ ಆಯ್ತ್."

ಕೆಲವರು ಇದು ಹಾಸ್ಯವೆಂದು ನಕ್ಕರು. ಭಾಗವತರು ನಗಲಿಲ್ಲ. ತಾಳ ಹಾಕಿ ಮುಂದಿನ ಪದ್ಯ ಎತ್ತಿದರು. ಅರಸ ಕಾಡಿಗೆ ಹೋದ. ಮಂತ್ರಿ ಕೈ ಮುಗಿದ. ಪ್ರಸಂಗ ಮುಗಿಯಿತು.

ಈಗ ನ್ಯಾಯವಾಗಿ ನೋಡೋಣ. ಹೋಗಬೇಕು ಅನ್ನಿಸಿತು ಎಂದು ಅವರು ಹೇಳಿದ್ದು ಉತ್ತರವೇ? ಅಲ್ಲ. ಅದೊಂದು ಆಸೆ. ಆಸೆಯನ್ನು ಖಂಡಿಸಲು ಬರುವುದಿಲ್ಲ, ಹಾಗೆಂದು ಅದು ವಾದವಾಗುವುದಿಲ್ಲ. ಯಾವ ತೀರ್ಪುಗಾರರನ್ನು ಕೂರಿಸಿದರೂ ನನ್ನ ಕಡೆಗೇ ಕೊಡುತ್ತಿದ್ದರು. ಸಭಾಭವನದ ಹಿಂದೆ ಗೋಳಿಬಜೆ ಕರಿಯುತ್ತಿದ್ದ ಕಡೆ ಮೇಡಂ ಒಬ್ಬರೇ ನಿಂತಿದ್ದರು. ನಾನು ಅಲ್ಲಿಗೆ ಹೋದದ್ದು ಇದನ್ನು ಹೇಳಲಿಕ್ಕೇ.

ಅವರು ನನಗೆ ಅವಕಾಶ ಕೊಡಲಿಲ್ಲ. "ನೀ ಗೆದ್ದೆ" ಎಂದರು. "ಉತ್ತರ ಇರ್ಲಿಲ್ಲ ನನ್ನತ್ರ. ಹುಡ್ಕಿದೆ. ಇರ್ಲಿಲ್ಲ." ಕೈಚೀಲದಿಂದ ಮೊಬೈಲು ತೆಗೆದರು. "ಮಾತಂದ್ರೆ ಮಾತ್. ರದ್ದ್ ಮಾಡ್ ಅಂದ್ರೆ ಈಗ್ಲೇ ಮಾಡ್ತೆ. ಹೇಳ್."

ತಮಾಷೆಯಲ್ಲ. ಅವರ ಹೆಬ್ಬೆರಳು ಪರದೆಯ ಮೇಲಿತ್ತು. ನಾನು "ಹೂಂ" ಅಂದಿದ್ದರೆ ಮೇಡಂ ಇವತ್ತು ಕೋಟೇಶ್ವರದಲ್ಲಿ ಇರುತ್ತಿದ್ದರು. ಬುಧವಾರ ಬುಧವಾರ ಜಗಲಿಯಲ್ಲಿ ಅಭ್ಯಾಸ ಇರುತ್ತಿತ್ತು. ಕೋರ್ಟಿನಲ್ಲಿ ನಾನು ಹೇಳಿ ಬಂದ ಮಾತನ್ನು ಸಂಜೆ ಅವರು ಬಿಚ್ಚಿ ಹರಡಿ, ಎಲ್ಲಿ ಟೊಳ್ಳು ಎಂದು ತೋರಿಸುತ್ತಿದ್ದರು. ತಮ್ಮನಿಗೆ ಊರಿನವರ ಪ್ರಶ್ನೆ ತಪ್ಪುತ್ತಿತ್ತು. ನಾವು ತಂಡ ಕಟ್ಟಿಕೊಂಡು ಹೊಸ ಹೊಸ ಊರುಗಳಿಗೆ ಹೋಗುತ್ತಿದ್ದೆವು. ಮೆಟ್ಟಿಲ ಮೇಲೆ ಯಾರಾದರೂ ಹಿರಿಯರು ಎದುರು ಬರುತ್ತಿದ್ದರು. ಕೇಳುತ್ತಿದ್ದರು. ಮೇಡಂ ಒಂದೇ ಉಸಿರಿಗೆ ಹೇಳಿಬಿಡುತ್ತಿದ್ದರು. ಪಕ್ಕದಲ್ಲಿ ನಾನು ನಿಂತಿರುತ್ತಿದ್ದೆ.

ಒಲೆಯ ಹತ್ತಿರ ಸೆಖೆ ಇತ್ತು. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳದೆ ನಿಂತಿದ್ದರು. ಫಲಿತಾಂಶ ಹಾಕುವ ಫಲಕದ ಮುಂದೆ ನಿಂತ ವಿದ್ಯಾರ್ಥಿನಿಯ ಮುಖ ಅದು. ಅಷ್ಟು ವರ್ಷದಲ್ಲಿ ಅವರು ನನ್ನಿಂದ ಏನನ್ನೂ ಕೇಳಿದವರಲ್ಲ.

"ರದ್ದ್ ಮಾಡುದ್ ಬ್ಯಾಡ ಮೇಡಂ" ಎಂದೆ. "ನೀವ್ ಹೋಯ್ನಿ."

"ಕಾರಣ?"

"ಕಾರಣ ಇಲ್ಲೆ."

"ಕಾರಣ ಇಲ್ದೆ ಮಾತಾಡುಕೆ ಯಾವಾಗ ಕಲ್ತೆ ನೀನ್?"

"ಈಗ, ಅರ್ಧ ಗಂಟಿ ಹಿಂದೆ. ನಿಮ್ಮತ್ರವೇ."

ಅವರು ನಗಲು ಹೋದರು, ಪೂರ್ತಿ ಆಗಲಿಲ್ಲ. ಮೊಬೈಲನ್ನು ಚೀಲದೊಳಗೆ ಹಾಕಿ, ಅದರ ಜಿಪ್ಪು ಎಳೆದು, ಎಳೆದದ್ದನ್ನು ಇನ್ನೊಮ್ಮೆ ಮುಟ್ಟಿ ನೋಡಿದರು. ಒಳಗಿನಿಂದ ಭಾಗವತರು ಚಾ ತಣಿಯುತ್ತದೆಂದು ಕೂಗಿದರು. ಮೇಡಂ ಸೆರಗಿನಿಂದ ಮುಖವನ್ನೆಲ್ಲ ಒತ್ತಿ ಒರೆಸಿಕೊಂಡರು. ಆಮೇಲೆ ಏನೂ ಆಗದವರ ಹಾಗೆ ಮುಂದೆ ನಡೆಯುತ್ತಾ ಹೇಳಿದರು:

"ನಾಳೆ ಸಂಜಿಗ್ ಮನಿಗ್ ಬಾ. ಪೆಟ್ಟಿಗೆ ತುಂಬ್ಸ್ಕ್. ಎಂತ ತಕಂಡ್ ಹೋಯ್ಕ್, ಎಂತ ಬಿಡ್ಕ್ ಅಂತ ನಂಗೊಬ್ಳಿಗೆ ತಿಳಿತಿಲ್ಲೆ."

"ಬತ್ತೆ" ಎಂದೆ.